ಕಡಲು ಕಳಿಸಿದ ಬುತ್ತಿ

ನಾಲ್ಕನೆಯ ಕಂಬದ ಹತ್ತಿರ ಮಾವ ಮಂಡಿಯೂರಿ ಕುಳಿತಿದ್ದನ್ನು ಕಂಡು ಡ್ರೈವರ್ ಟ್ರ್ಯಾಕ್ಟರ್ ನಿಲ್ಲಿಸಿದ. ಹಿಂದೆ ಕಟ್ಟಿದ್ದ ಜರಡಿಗಾಡಿ ಎರಡು ಸಲ ಕುಲುಕಿ ಸುಮ್ಮನಾಯಿತು. ಗಂಟೆ ಆರೂವರೆ. ಎಂಟರೊಳಗೆ ಎರಡು ಕಿಲೋಮೀಟರ್ ತೀರ ಬಾಚಿ ಮುಗಿಸಬೇಕಿತ್ತು. ಇನ್ನೂ ಮುಕ್ಕಾಲು ಪಾಲು ಬಾಕಿಯಿತ್ತು. ಮುದುಕರು ಏಳುವ ಲಕ್ಷಣ ಕಾಣಲಿಲ್ಲ. ಮೊಳ ಅಗಲದ ಮರದ ಚೌಕಟ್ಟನ್ನು ಮರಳ ಮೇಲಿಟ್ಟು, ಅದರೊಳಗಿನ ಮರಳನ್ನು ಕರಣೆಯಿಂದ ಬಗೆದು ಹಿಟ್ಟಿನ ಜರಡಿಗೆ ಸುರಿದು, ತೊಟ್ಟಿಲು ತೂಗುವವರಂತೆ ನಿಧಾನಕ್ಕೆ ಆಡಿಸುತ್ತಿದ್ದರು.

"ಎರಡು," ಎಂದರು, ತಲೆ ಎತ್ತದೆ. "ಬನ್ನಿ ಅಳಿಯಂದ್ರೇ, ನೋಡಿ. ನಿಮ್ಮ ಕೈಗುಣ."

ಡ್ರೈವರ್ ಇಳಿದು ಬಂದು ನೋಡಿದ. ಜರಡಿಯ ಅಂಚಿನಲ್ಲಿ ಅಕ್ಕಿಕಾಳಿನ ಗಾತ್ರದ ಎರಡು ಮರಳುಚಿಗಟಗಳು. ಬೂದು ಬಣ್ಣ, ಸಿಗಡಿಯಂತೆ ಬಾಗಿದ ಬೆನ್ನು. ಒಂದು ನೆಗೆದು ಮಾವನ ತೋಳಿಗೆ ಹತ್ತಿತು. ಅದನ್ನು ಬೆರಳ ತುದಿಯಿಂದ ಮೆಲ್ಲಗೆ ಮರಳಿಗೆ ಇಳಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹಿಂದಿನ ವರ್ಷ ಇದೇ ತಿಂಗಳು, ಇದೇ ಕಂಬದ ಬುಡದಲ್ಲಿ ಇನ್ನೂರ ಹನ್ನೆರಡು ಸಿಕ್ಕಿದ್ದವು. ಆ ಸಾಲಿನ ಮೇಲೆ ಬೆರಳಿಟ್ಟು ಅಳಿಯನಿಗೆ ತೋರಿಸಿದರು.

ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಅವರನ್ನು ಊರೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಹತ್ತೊಂಬತ್ತು ವರ್ಷಗಳಿಂದ ಹದಿನೈದು ದಿನಕ್ಕೊಮ್ಮೆ, ಇಳಿತದ ಹೊತ್ತಿಗೆ, ತೀರದುದ್ದಕ್ಕೂ ನೆಟ್ಟ ಹನ್ನೆರಡು ಕಂಬಗಳ ಬುಡದಲ್ಲಿ ಅವರು ಮರಳುಚಿಗಟ ಎಣಿಸುತ್ತ ಬಂದಿದ್ದರು. ಯಾರೂ ಎಣಿಸಲು ಹೇಳಿರಲಿಲ್ಲ. ಹೆಂಡತಿ ತೀರಿಕೊಂಡ ವಾರವೂ ತಪ್ಪಿಸಿರಲಿಲ್ಲ. ಒಬ್ಬಳೇ ಮಗಳನ್ನು ತಮ್ಮ ಕೊನೆಯ ಬೆಂಚಿನ ವಿದ್ಯಾರ್ಥಿಗೆ ಕೊಟ್ಟು, ಈಗ ಅವರ ಜೊತೆಗೇ ಇದ್ದರು. ಕೊನೆಯ ಬೆಂಚಿನವನು ಈ ತೀರದ ಮೇಲೆ ಯಂತ್ರ ಓಡಿಸುತ್ತಾನೆಂದು ಆಗ ಅವರಿಗೆ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ಯಂತ್ರ ಬಂದು ಮೂರು ತಿಂಗಳಾಗಿತ್ತು. ಅದಕ್ಕೆ ಮೊದಲು ನಾಲ್ಕು ಆಳುಗಳು ಗೋಣಿಚೀಲ ಹಿಡಿದು ಬಾಟಲಿ, ಪ್ಲಾಸ್ಟಿಕ್ ಹೆಕ್ಕುತ್ತಿದ್ದರು. ಅಲೆ ತಂದು ಹಾಕಿದ ಕಡಲಪಾಚಿಗೆ ಯಾರೂ ಕೈ ಹಚ್ಚುತ್ತಿರಲಿಲ್ಲ. ಈಗ ಉಕ್ಕಿನ ಹಲ್ಲುಗಳು ನಾಲ್ಕು ಬೆರಳು ಆಳದ ಮರಳನ್ನು ಎತ್ತಿ ನಡುಗುವ ಜಾಲರಿಗೆ ಹಾಕುತ್ತಿದ್ದವು. ಮರಳು ಕೆಳಗೆ ಉದುರುತ್ತಿತ್ತು, ಉಳಿದದ್ದೆಲ್ಲ ಹಿಂದಿನ ತೊಟ್ಟಿಗೆ. ಯಾವುದು ಸಿಗರೇಟಿನ ತುಂಡು, ಯಾವುದು ಜೀವ ಎಂದು ಯಂತ್ರ ಕೇಳುತ್ತಿರಲಿಲ್ಲ. ಎಂಟು ಗಂಟೆಗೆ ಒಂದು ಎಳೆ ಪಾಚಿಯೂ ಕಾಣಬಾರದೆಂದು ಪುರಸಭೆಯ ಸೂಪರ್‌ವೈಸರ್ ಹೇಳಿದ್ದ. ಮರಳಿನ ಮೇಲೂ ಬಿಳಿ ಬೂಟು ಹಾಕಿಕೊಂಡೇ ಓಡಾಡುತ್ತಿದ್ದ ಅವನಿಗೆ ಆಳುಗಳು ಬಿಳಿಬೂಟು ಎಂದು ಹೆಸರಿಟ್ಟಿದ್ದರು. ಡ್ರೈವರನ ಕೆಲಸ ಕಾಯಂ ಮಾಡುವ ಕಾಗದ ಬಿಳಿಬೂಟಿನ ಮೇಜಿನ ಎರಡನೆಯ ಡ್ರಾಯರಿನಲ್ಲಿತ್ತು. ಆರು ವರ್ಷ ದಿನಗೂಲಿ ಮಾಡಿದವನಿಗೆ ಆ ಡ್ರಾಯರಿನ ಹಿಡಿಯ ಬಣ್ಣವೂ ಬಾಯಿಪಾಠವಾಗಿತ್ತು.

"ಮರಳಿಗೆ ಸ್ವಂತ ಅಡುಗೆಮನೆ ಇಲ್ಲ," ಎಂದರು ಮೇಷ್ಟ್ರು ಚೌಕಟ್ಟು ಎತ್ತಿಕೊಳ್ಳುತ್ತ. "ಬುತ್ತಿ ಕಡಲಿಂದಾನೇ ಬರಬೇಕು. ನೀವು ಬಾಗಿಲಲ್ಲೇ ನಿಂತು ಕಿತ್ಕೊಂಡು ಹೋಗ್ತಾ ಇದೀರಿ."

ಈ ಪಾಠ ಡ್ರೈವರ್ ಊಟದ ಹೊತ್ತಿಗೆ ಎಷ್ಟೋ ಸಲ ಕೇಳಿದ್ದ. ಚಿಗಟಗಳು ಪಾಚಿ ತಿನ್ನುತ್ತವೆ. ತಿಂದು ಉಳಿದದ್ದನ್ನು, ಅವುಗಳ ಹಿಕ್ಕೆಯನ್ನು, ಕಣ್ಣಿಗೆ ಕಾಣದ ಜೀವಿಗಳು ಕೊಳೆಸುತ್ತವೆ. ಆ ಸಾರ ಮರಳಿನ ಸಂದಿಯಲ್ಲಿ ಇಳಿದು ಭರತದ ನೀರಿನ ಜೊತೆ ಮತ್ತೆ ಅಲೆಗೆ ಸೇರುತ್ತದೆ. ಅಲ್ಲಿ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ, ಅವನ್ನು ಚಿಪ್ಪಿನ ಹುಳುಗಳು ಸೋಸಿ ತಿನ್ನುತ್ತವೆ. ಚಿಗಟವನ್ನು ಹಕ್ಕಿ ತಿನ್ನುತ್ತದೆ. ಮೇಲಕ್ಕೆ ಬಿದ್ದ ಪಾಚಿ ಹಾರುವ ಮರಳನ್ನು ತಡೆದು ಹಿಡಿಯುತ್ತದೆ, ಹೂತು ಗೊಬ್ಬರವಾಗುತ್ತದೆ, ಅದರ ಮೇಲೆ ದಿಬ್ಬದ ಬಳ್ಳಿ ಬೇರು ಬಿಡುತ್ತದೆ. ಕೇಳಿದಾಗೆಲ್ಲ ಅವನು ತಲೆಯಾಡಿಸಿದ್ದ. ಪಾಠ ಸುಳ್ಳೆಂದು ಅವನಿಗೆ ಅನ್ನಿಸಿರಲಿಲ್ಲ. ಟ್ರ್ಯಾಕ್ಟರಿನ ಸೀಟಿನಿಂದ ಎಲ್ಲ ಕಾಣುತ್ತಿತ್ತು. ಮೊದಲು ಅಲೆಯಂಚಿನಲ್ಲಿ ಹಿಂದೆ ಮುಂದೆ ಓಡುತ್ತಿದ್ದ ಪುಟ್ಟ ಹಕ್ಕಿಗಳು ಎರಡನೆಯ ತಿಂಗಳಿಗೆ ಬರುವುದು ಬಿಟ್ಟವು. ಚಿಪ್ಪು ಹೆಕ್ಕುವ ಹೆಂಗಸರು, ಸಿಗುವುದು ಅಂಗಿಯ ಗುಂಡಿಯಷ್ಟೂ ದೊಡ್ಡದಿಲ್ಲ ಎಂದು ಬೈದುಕೊಂಡು ಆಚೆ ಕೊಲ್ಲಿಗೆ ಹೋದರು. ದಿಬ್ಬದ ಬಳ್ಳಿ ಕಡಲ ಕಡೆಯಿಂದ ಹಳದಿಯಾಗುತ್ತ ಬಂತು. ಈಗ ದಿಬ್ಬದ ಪಾದದಲ್ಲಿ ಮಂಡಿಯೆತ್ತರದ ಒಂದು ಮೆಟ್ಟಿಲು ಬಿದ್ದಿತ್ತು, ಯಾರೋ ಚಾಕುವಿನಿಂದ ಕುಯ್ದಂತೆ. ಪ್ರತಿ ದಿನ ಬೆಳಿಗ್ಗೆ ಅದು ಸ್ವಲ್ಪ ಹಿಂದಕ್ಕೆ ಸರಿದಿರುತ್ತಿತ್ತು.

ಇವೆಲ್ಲದಕ್ಕಿಂತ ಅವನ ನಿದ್ದೆ ಕೆಡಿಸಿದ್ದು ಬೇರೆ ಒಂದು ಸಂಗತಿ. ಪಾಚಿ ಎಲ್ಲಿ ಹೋಗುತ್ತದೆ ಎಂದು ಮೇಷ್ಟ್ರು ಮೊದಲ ವಾರವೇ ಕೇಳಿದ್ದರು. ಲಾರಿ ಬಂದು ಹೊಲಗಳಿಗೆ ಒಯ್ಯುತ್ತದೆ ಎಂದು ಅವನು ಹೇಳಿದ್ದ. ಆಗ ಅದು ನಿಜವಾಗಿತ್ತು. ಮುದುಕರು ಸಮಾಧಾನದಿಂದ, ಸರಿ, ಯಾರ ಹೊಟ್ಟೆಗಾದರೂ ಸೇರಲಿ ಅಂದಿದ್ದರು. ಮೂರನೆಯ ವಾರ ಲಾರಿ ನಿಂತಿತು. ದಿಬ್ಬದ ಹಿಂದೆ, ಯಾವ ಕಾಲದಲ್ಲೋ ಕಟ್ಟಡಕ್ಕೆಂದು ಮರಳು ತೆಗೆದು ಬಿಟ್ಟ ಒಂದು ಗುಂಡಿಯಿತ್ತು. ಒಬ್ಬ ನಿಂತು ಕೈ ಎತ್ತಿದರೂ ಮುಳುಗುವಷ್ಟು ಆಳ, ಎರಡು ಬಸ್ಸು ನಿಲ್ಲುವಷ್ಟು ಉದ್ದ, ತಳದಲ್ಲಿ ಒರತೆ ನೀರು. ಸದ್ಯಕ್ಕೆ ಅದರಲ್ಲಿ ಹಾಕು ಎಂದ ಬಿಳಿಬೂಟು. ಸದ್ಯ ಎಂಬುದು ಎರಡು ತಿಂಗಳಾಯಿತು. ಗುಂಡಿ ತುಂಬಿ ಬಂತು, ಕೊಳೆತ ಮೊಟ್ಟೆಯ ವಾಸನೆ ಗಾಳಿ ತಿರುಗಿದಾಗ ಹೋಟೆಲುಗಳ ಕಿಟಕಿಯವರೆಗೂ ಹೋಯಿತು, ದೂರು ಬಂತು. ಆಗ ಡ್ರೈವರನಿಗೇ ಉಪಾಯ ಹೊಳೆಯಿತು. ಎರಡು ತೊಟ್ಟಿ ಒಣಮರಳು ತಂದು ಮೇಲೆ ಹರಡಿ, ಸಲಿಕೆಯ ಬೆನ್ನಿಂದ ತಟ್ಟಿ ನುಣುಪು ಮಾಡಿದ. ಮಾರನೆಯ ದಿನ ವಾಸನೆ ಇರಲಿಲ್ಲ. ಬಿಳಿಬೂಟು ಬಂದು ಮೂಗೆಳೆದು ನೋಡಿ, ತಲೆ ಓಡಿಸಿದೀಯಪ್ಪ ಎಂದು ಬೆನ್ನು ತಟ್ಟಿದ.

ಆಮೇಲೆ ಹೊಸ ಪಾಚಿಯನ್ನು ಆ ಮರಳಿನ ಮೇಲೇ ಸುರಿಯುತ್ತಿದ್ದ. ಒಮ್ಮೆ ಗುಂಡಿಯ ಮೂಲೆಯಲ್ಲಿ ಮರಳು ಬಿರಿದು ಬಾಯಿ ತೆರೆದಿತ್ತು. ಅದರ ಸುತ್ತ ನೊಣಗಳು ಸತ್ತು ಬಿದ್ದಿದ್ದವು, ಯಾರೋ ಎಳ್ಳು ಚೆಲ್ಲಿದ ಹಾಗೆ. ಅವನು ಒಂದು ಸಲಿಕೆ ಮರಳು ಎಳೆದು ಅದನ್ನೂ ಮುಚ್ಚಿದ. ಮನೆಯಲ್ಲಿ ಅವನು ಹೇಳುವ ಮಾತಿನಲ್ಲಿ ಮಾತ್ರ ಲಾರಿ ಇನ್ನೂ ಬರುತ್ತಲೇ ಇತ್ತು.

ಎಣಿಕೆ ಎರಡಕ್ಕೆ ಇಳಿದ ಆ ದಿನ ಸಂಜೆ ಮೇಷ್ಟ್ರು ಊಟಕ್ಕೆ ಕೂತು ಬಹಳ ಹೊತ್ತು ತಟ್ಟೆ ಮುಟ್ಟಲಿಲ್ಲ. ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದಿದ್ದ ಮಗಳು, ಏನಪ್ಪಾ ಯೋಚನೆ ಎಂದು ಎರಡು ಸಲ ಕೇಳಿದಳು. ಅವರು ಅಳಿಯನ ಕಡೆ ತಿರುಗಿ, ಜೀವಮಾನದಲ್ಲೇ ಮೊದಲ ಬಾರಿಗೆ ಏನನ್ನೋ ಕೇಳಿಕೊಳ್ಳುವ ದನಿಯಲ್ಲಿ ಮಾತಾಡಿದರು. ಹನ್ನೆರಡನೆಯ ಕಂಬದ ಆಚೆ ಸ್ನಾನಕ್ಕೆ ಯಾರೂ ಬರುವುದಿಲ್ಲ. ಅಲ್ಲಿ ನೂರು ಹೆಜ್ಜೆಯಷ್ಟು ಜಾಗದಲ್ಲಿ ಯಂತ್ರದ ಹಲ್ಲು ಎತ್ತಿಕೊಂಡು ಹೋದರೆ ಸಾಕು. ಬೀಜಕ್ಕಾದರೂ ನಾಲ್ಕು ಜೀವ ಉಳಿಯುತ್ತವೆ. ಇಲ್ಲದಿದ್ದರೆ ಮಳೆಗಾಲದ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಸೊನ್ನೆ ಬರೆಯಬೇಕು.

ಡ್ರೈವರ್ ಒಪ್ಪಿದ. ನೂರು ಹೆಜ್ಜೆ ಬಿಳಿಬೂಟಿನ ಕಣ್ಣಿಗೆ ಬೀಳುವುದಿಲ್ಲ ಎಂದು ಲೆಕ್ಕ ಹಾಕಿದ. ಹೆಂಡತಿ ಇಬ್ಬರ ಮುಖವನ್ನೂ ನೋಡಿ, ಮೂರು ತಿಂಗಳಲ್ಲಿ ಮಾವ ಅಳಿಯ ಒಂದು ಮಾತಿಗೆ ಬಂದದ್ದು ಇದೇ ಮೊದಲು, ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು ಎಂದಳು. ಮೇಷ್ಟ್ರು ನಕ್ಕರು. ಆದರೆ ಕಡಲು ಈಗ ಶಾಂತವಾಗಿದೆ, ವಾರದಿಂದ ಪಾಚಿಯೇ ಹೆಚ್ಚು ಬರುತ್ತಿಲ್ಲ, ಜಾಗ ಬಿಟ್ಟರೂ ಹಾಕುವುದಕ್ಕೆ ಏನಿದೆ ಎಂದರು.

ಆಗ ಡ್ರೈವರ್ ಹೇಳಿದ, ಬಾಯಿಗೆ ಬಂದದ್ದನ್ನು, ಸಂತೋಷದಿಂದಲೇ: "ದಿಬ್ಬದ ಹಿಂದೆ ಗುಂಡೀಲಿ ನಾಲ್ಕು ದಿನದ್ದು ಬಿದ್ದಿದೆ ಮಾವ. ಲಾರಿಗೆ ಅಂತ ಇಟ್ಟಿದ್ದು. ಬೇಕಿದ್ರೆ ತಗೊಳ್ಳಿ."

ಮೇಷ್ಟ್ರು ತಟ್ಟೆಗೆ ಕೈ ಹಾಕಿದರು.

ಮರುದಿನ ಬೆಳಿಗ್ಗೆ ಗಾಳಿ ಇರಲಿಲ್ಲ. ಕಡಲು ಎಣ್ಣೆ ಹೊಯ್ದಂತೆ ನಿಂತಿತ್ತು. ಮೇಷ್ಟ್ರು ನಸುಕಿನಲ್ಲೇ ಒಂದು ಚಕ್ರದ ಕೈಗಾಡಿ, ಪಾಚಿ ಎತ್ತುವ ಕವೆಗೋಲು ತೆಗೆದುಕೊಂಡು ಹೋಗಿದ್ದರು. ಡ್ರೈವರ್ ಒಂದನೆಯ ಕಂಬದಿಂದ ಬಾಚುತ್ತ ಬಂದ. ಜಾಲರಿಯ ಮೇಲೆ ಹೆಚ್ಚೇನೂ ಬೀಳುತ್ತಿರಲಿಲ್ಲ. ಯಂತ್ರ ಬರಿದೇ ಹಲ್ಲು ಕಡಿಯುತ್ತಿತ್ತು. ಹನ್ನೆರಡನೆಯ ಕಂಬ ತಲುಪಿದಾಗ ಏಳು ಇಪ್ಪತ್ತು. ಕೊಟ್ಟ ಮಾತಿನಂತೆ ಹಲ್ಲು ಎತ್ತಿದ.

ಅಲ್ಲಿ ಪಾಚಿಯ ಎರಡು ರಾಶಿ ಇದ್ದವು, ಭರತದ ಗೆರೆಯ ಮೇಲೆ ಅಚ್ಚುಕಟ್ಟಾಗಿ ಹರಡಲು ತಂದು ಸುರಿದದ್ದು. ಮೊದಲನೆಯದು ಕಂದು ಬಣ್ಣದ್ದು, ಒಣಗಿ ಗರಿಗರಿಯಾಗಿತ್ತು. ಎರಡನೆಯದರ ಅಡಿಯ ಅರ್ಧ ಕಪ್ಪಗಿತ್ತು. ಡಾಂಬರಿನಂಥ ಕಪ್ಪು, ಒದ್ದೆ. ಕೈಗಾಡಿಯ ಚಕ್ರದ ಗುರುತು ದಿಬ್ಬದ ಕಡೆ ಮೂರನೆಯ ಸಲ ಹೋಗಿತ್ತು, ಹಿಂದಿರುಗಿರಲಿಲ್ಲ.

ಮುದುಕರ ಕವೆಗೋಲು, ತಾನು ತಟ್ಟಿ ಮುಚ್ಚಿದ್ದ ಮರಳನ್ನು ದಾಟಿ ಅಡಿಯ ಹಳೆಯ ಪಾಚಿಗೆ ಇಳಿದಿತ್ತು ಎಂದು ಅವನಿಗೆ ಅರ್ಥವಾಗಲು ಆ ಕಪ್ಪೇ ಸಾಕಾಯಿತು. ಎಂಜಿನ್ ಆರಿಸದೆಯೇ ಇಳಿದು ಓಡಿದ.

ಗುಂಡಿಯ ಇಳಿಜಾರಿನಲ್ಲಿ ಮೇಷ್ಟ್ರು ಬೋರಲಾಗಿ ಬಿದ್ದಿದ್ದರು. ಕಾಲುಗಳು ಮೇಲೆ, ತಲೆ ಕೆಳಗೆ. ನುಣ್ಣನೆಯ ಮರಳು ಒಂದು ಹಾಸಿಗೆಯಷ್ಟು ಅಗಲ ಕುಸಿದು, ಅದರ ಕೆಳಗಿನ ಕಪ್ಪು ಕೆಸರು ಇನ್ನೂ ಗುಳುಗುಳು ಅನ್ನುತ್ತಿತ್ತು. ಡ್ರೈವರ್ ಬಾಗಿದ. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆದಂತೆ ಬಂತು, ಒಂದೇ ಉಸಿರು. ಎರಡನೆಯ ಉಸಿರಿಗೆ ಏನೂ ಇರಲಿಲ್ಲ. ಬೆಳಗಿನ ಶುದ್ಧ ಗಾಳಿಯಂತಿತ್ತು. ಮೂರನೆಯದು ಎಳೆದುಕೊಳ್ಳುವ ಮೊದಲು, ಎಲ್ಲಿಂದಲೋ ಒಂಬತ್ತನೆಯ ತರಗತಿಯ ಪ್ರಯೋಗಶಾಲೆ ನೆನಪಾಯಿತು, ಮುರಿದ ಕಿಟಕಿ, ಇದೇ ಮುದುಕರ ನಡುವಯಸ್ಸಿನ ದನಿ: ಮೂಗಿಗೆ ಹೊಡೆದರೆ ಓಡಿ, ಹೊಡೆಯುವುದು ನಿಂತರೆ ವಿಷಗಾಳಿ ಮೂಗನ್ನೇ ಕೊಂದಿದೆ ಅಂತ, ಇನ್ನೂ ಜೋರಾಗಿ ಓಡಿ. ಹಿಂದಿನ ಬೆಂಚಿನವರು ಆಗ ನಕ್ಕಿದ್ದರು.

ಅವನು ಉಸಿರು ಬಿಗಿಹಿಡಿದ. ಎರಡೂ ಪಾದ ಹಿಡಿದು ಹಿಂದಕ್ಕೆ ಎಳೆದ. ಒಂದು ಚಪ್ಪಲಿ ಕೈಗೇ ಬಂತು. ಮತ್ತೆ ಹಿಡಿದ. ದಿಬ್ಬದ ನೆತ್ತಿ ತಲುಪಿದ ಮೇಲೆಯೇ ಉಸಿರು ಬಿಟ್ಟ. ಕಡಲ ಕಡೆಯ ಇಳಿಜಾರಿನಲ್ಲಿ ಇಬ್ಬರೂ ಉರುಳಿದರು. ಅವನು ವಾಂತಿ ಮಾಡಿಕೊಂಡ. ಮೇಷ್ಟ್ರ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಎದೆ ಮಾತ್ರ, ನಿಂತು ನಿಂತು, ಏಳುತ್ತಿತ್ತು.

ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಇಟ್ಟು ಒಳಗೆ ಮಲಗಿಸಿದರು. ಅಂಬುಲೆನ್ಸಿಗೆ ಫೋನ್ ಮಾಡಿದ್ದು ತೀರದಲ್ಲಿ ಕಾವಲಿದ್ದ ಪುರಸಭೆಯ ಜೀವರಕ್ಷಕ, ಹಾಗಾಗಿ ಬಿಳಿಬೂಟು ಡಾಕ್ಟರಿಗಿಂತ ಮೊದಲೇ ಬಂದು ಕಾರಿಡಾರಿನಲ್ಲಿ ನಿಂತಿದ್ದ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ರಾತ್ರಿಪಾಳಿಯ ಕಣ್ಣು. ಎಪ್ಪತ್ತೆರಡು ವಯಸ್ಸು, ಭಾರ ಎಳೆದಿದ್ದಾರೆ, ಹೃದಯವೇ ಇರಬೇಕು, ಆದರೆ ರಕ್ತದ ಪರೀಕ್ಷೆ ಅದಕ್ಕೆ ಸರಿಯಾಗಿ ಹೊಂದುತ್ತಿಲ್ಲ ಎಂದರು. ಬಿದ್ದ ಜಾಗದಲ್ಲಿ ಏನಾದರೂ ಔಷಧಿ, ರಾಸಾಯನಿಕ, ಹೊಗೆ ಇತ್ತೇ ಎಂದು ಕೇಳಿದರು.

"ಬಯಲು ಮೇಡಂ, ಬರೀ ಮರಳು," ಎಂದ ಬಿಳಿಬೂಟು. "ಬೆಳಗಿನ ವಾಕಿಂಗು."

ಡಾಕ್ಟರು ಡ್ರೈವರನನ್ನು ನೋಡಿದರು. ಅವನ ಹೆಂಡತಿಯೂ ನೋಡಿದಳು. ಅವನು ತನ್ನ ಕೈಯಲ್ಲಿದ್ದ ಮಾವನ ಚಪ್ಪಲಿಯನ್ನು ನೋಡುತ್ತ, ನಾನು ನೋಡಿದಾಗಲೇ ಬಿದ್ದಿದ್ದರು ಎಂದ. ಅದು ಸುಳ್ಳೇನೂ ಆಗಿರಲಿಲ್ಲ.

ಮೆಟ್ಟಿಲ ಹತ್ತಿರ ಬಿಳಿಬೂಟು ಅವನ ಹೆಗಲ ಮೇಲೆ ಕೈ ಹಾಕಿ ಮೃದುವಾಗಿ ಮಾತಾಡಿದ. ಮುದುಕರು ದೊಡ್ಡ ಮನುಷ್ಯರು, ಪುರಸಭೆಯೇ ಖರ್ಚು ನೋಡಿಕೊಳ್ಳುತ್ತದೆ. ಗುಂಡಿಯ ವಿಷಯ ಯಾರ ಕಿವಿಗೂ ಬೀಳುವುದು ಬೇಡ. ನಾಳೆ ಬೆಳಿಗ್ಗೆ ಎಂಟರೊಳಗೆ ಲಾರಿ ಬರುತ್ತದೆ, ಇಬ್ಬರು ಆಳು ಬರುತ್ತಾರೆ, ಪೂರ್ತಿ ಖಾಲಿ ಮಾಡಿಸಿ ಮರಳು ತುಂಬಿಸಿದರೆ ಅಲ್ಲಿ ಗುಂಡಿ ಇತ್ತೆಂದೇ ಗೊತ್ತಾಗುವುದಿಲ್ಲ. ಅವನ ಕಾಗದ ಸೋಮವಾರ ಸಹಿಯಾಗುತ್ತದೆ.

"ಮುಚ್ಚಿದ್ದು ನೀನೇ ಅಲ್ವಾ," ಎಂದ ಕೊನೆಗೆ, ಜ್ಞಾಪಕ ಮಾಡುವವನಂತೆ. "ನಾನೇನೂ ಹೇಳಿರಲಿಲ್ಲ."

ಅದೂ ನಿಜವೇ ಆಗಿತ್ತು.

ಮರುದಿನ ಏಳು ಗಂಟೆಗೆ ಲಾರಿ ಬಂತು. ಇಬ್ಬರು ಆಳುಗಳು ಸಲಿಕೆ, ಕವೆಗೋಲು ಹಿಡಿದು ಹಿಂದಿನಿಂದ ಇಳಿದರು. ಒಬ್ಬ ಐವತ್ತು ದಾಟಿದವ. ಇನ್ನೊಬ್ಬ ಅವನ ಅಣ್ಣನ ಮಗ, ಹೊಸದಾಗಿ ಮದುವೆಯಾದವ, ಕೈಯ ಗಡಿಯಾರ ಬಿಚ್ಚಿ ಜೋಪಾನವಾಗಿ ಜೇಬಿಗೆ ಹಾಕಿಕೊಂಡ. ದಿಬ್ಬದ ಹಿಂದಕ್ಕೆ ಹೋಗುವುದು ಒಂದೇ ದಾರಿ. ಡ್ರೈವರ್ ಆ ದಾರಿಗೆ ಟ್ರ್ಯಾಕ್ಟರನ್ನೂ ಜರಡಿಗಾಡಿಯನ್ನೂ ಅಡ್ಡ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ಚಕ್ರಕ್ಕೆ ಬೆನ್ನು ಕೊಟ್ಟು ನಿಂತಿದ್ದ.

"ಏನಣ್ಣಾ, ಗಾಡಿ ಕೆಟ್ಟಿತಾ?" ಎಂದ ಹಿರಿಯ ಆಳು.

"ಇಲ್ಲ. ಒಳಗೆ ಹೋಗಬೇಡಿ."

"ಹೋಗಬೇಡಿ ಅಂದ್ರೆ ಹೇಗೆ? ಬಿಳಿಬೂಟು ನಮ್ಮ ಚರ್ಮ ಸುಲೀತಾನೆ."

"ಸುಲೀಲಿ. ಜೀವ ಇದ್ರೆ ತಾನೆ ಚರ್ಮ ಸುಲಿಯೋದು. ಆ ಗುಂಡೀಲಿ ವಿಷದ ಗಾಳಿ ಇದೆ. ನಿನ್ನೆ ನಮ್ಮ ಮಾವ ಬಿದ್ದದ್ದು ಅದರಿಂದ."

ಮೇಷ್ಟ್ರು ಬಿದ್ದದ್ದು ಹೃದಯದಿಂದ ಎಂದು ಊರೆಲ್ಲ ಹೇಳುತ್ತಿದೆಯಲ್ಲ ಎಂದ ಕಿರಿಯವ. ಮೂಗರಳಿಸಿ ದಿಬ್ಬದ ಕಡೆ ನೋಡಿದ, ಎರಡು ಹೆಜ್ಜೆ ಮುಂದೆ ಹೋದ, ವಾಸನೆಯೇ ಬರುತ್ತಿಲ್ಲ ಎಂದ.

"ಅದಕ್ಕೇ ಹೇಳ್ತಿರೋದು," ಎಂದ ಡ್ರೈವರ್.

ಆ ದನಿ ಕೇಳಿ ಹಿರಿಯ ಆಳು ಅಣ್ಣನ ಮಗನ ಅಂಗಿ ಹಿಡಿದು ಹಿಂದಕ್ಕೆ ಎಳೆದ. ಬಿಳಿಬೂಟು ಬರಲಿ, ನೋಡೋಣ ಎಂದು ಇಬ್ಬರೂ ಸಲಿಕೆ ಊರಿ ಕಡಲ ಕಡೆಯ ಇಳಿಜಾರಿನಲ್ಲಿ ಕುಳಿತರು. ಲಾರಿಯವನು ಸೀಟಿನಲ್ಲೇ ಕಾಲು ಚಾಚಿದ.

ಡ್ರೈವರ್ ಫೋನ್ ತೆಗೆದು ಹೆಂಡತಿಗೆ ಮಾಡಿದ. ಅವಳು ರಾತ್ರಿಯೆಲ್ಲ ಆಸ್ಪತ್ರೆಯಲ್ಲೇ ಇದ್ದಳು. ಅಪ್ಪನ ಉಸಿರು ಬೆಳಗಿನ ಜಾವದಿಂದ ಇನ್ನೂ ತಗ್ಗಿದೆ, ಎದೆಯಲ್ಲಿ ನೀರು ತುಂಬುತ್ತಿದೆ ಎನ್ನುತ್ತಾರೆ, ಹೃದಯಕ್ಕೆ ಕೊಟ್ಟ ಔಷಧಿ ಹಿಡಿಯುತ್ತಿಲ್ಲ ಎಂದು ಅವಳು ಒಂದೇ ಸಮನೆ ಹೇಳಿದಳು. ಅವನು ಅವಳ ಮಾತು ಮುಗಿಯುವವರೆಗೂ ಕಾದ.

"ಡಾಕ್ಟರಿಗೆ ಹೇಳು," ಎಂದ. "ಗುಂಡೀಲಿ ಎರಡು ತಿಂಗಳ ಪಾಚಿ ಕೊಳೀತಾ ಇತ್ತು. ಕೊಳೆತ ಮೊಟ್ಟೆ ಗಾಳಿ. ಮೇಲೆ ಮರಳು ಮುಚ್ಚಿದ್ದು ನಾನು. ನಾಲ್ಕು ದಿನದ್ದು ಅಂತ ಸುಳ್ಳು ಹೇಳಿದ್ದೂ ನಾನೇ. ಈಗಲೇ ಹೇಳು."

ಅವನು ಫೋನ್ ಇಡಲಿಲ್ಲ.

ರಾತ್ರಿ ಕಡಲು ಸ್ವಲ್ಪ ಎದ್ದಿರಬೇಕು. ಒಂದನೆಯ ಕಂಬದಿಂದ ಹನ್ನೆರಡನೆಯದರ ಆಚೆಗೂ ತೀರದುದ್ದಕ್ಕೆ ಹೊಸ ಪಾಚಿ ಬಿದ್ದಿತ್ತು, ಒದ್ದೆ, ಕಂದು, ಮೊಣಕಾಲುದ್ದದ ಎಳೆಗಳು. ಎಂಟು ಗಂಟೆಯಾಗುತ್ತ ಬಂದರೂ ಅದನ್ನು ಯಾರೂ ಮುಟ್ಟಿರಲಿಲ್ಲ. ದೂರದಲ್ಲಿ, ಹೋಟೆಲುಗಳ ಕಡೆಯಿಂದ, ಬಿಳಿ ಬೂಟಿನ ಒಂದು ಆಕೃತಿ ಪಾಚಿಯನ್ನು ತಪ್ಪಿಸಿ ತಪ್ಪಿಸಿ ಕಾಲಿಡುತ್ತ ಬರುತ್ತಿತ್ತು. ಡ್ರೈವರ್ ಫೋನನ್ನು ಕಿವಿಗೆ ಒತ್ತಿ ಹಿಡಿದ. ಅದರೊಳಗೆ ಹೆಂಡತಿಯ ಚಪ್ಪಲಿಯ ಸದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ ಮೊದಲು ನಡೆಯಿತು, ಆಮೇಲೆ ಓಡತೊಡಗಿತು. ಒಂದು ಬಾಗಿಲು ತೆರೆದುಕೊಂಡಿತು.